ಸೈಟಿನ ಲೆಕ್ಕ ಡೇಟಾಬೇಸಿಗೆ: ಸಣ್ಣ ಕಾಂಟ್ರಾಕ್ಟ್ ಆಫೀಸಿಗೊಂದು ಸಮಗ್ರ ಮಾರ್ಗದರ್ಶಿ

ಪಂಚಾಯತಿನ ಮೋರಿ, ತೋಡಿಗೆ ವೆಂಟೆಡ್ ಕ್ರಾಸ್ ಬಾರ್ (ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟ), ಶಾಲೆಗೆ ಎರಡು ಕ್ಲಾಸ್‌ರೂಮು, ರಸ್ತೆ ಬದಿಗೆ ತಡೆಗೋಡೆ, ಎಡೆಯಲ್ಲಿ ಯಾರದ್ದಾದ್ರೂ ಮನೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಸಣ್ಣ ಕಾಂಟ್ರಾಕ್ಟ್ ಆಫೀಸುಗಳು ಮಾಡುವ ಕೆಲಸ ಸಾಧಾರಣ ಇಂಥದ್ದೇ. ಕೆಲಸ ಸಣ್ಣದಾದ್ರೂ ಅದರ ಡೇಟಾ ಮಾತ್ರ ಹತ್ತು ಕಡೆ ಹರಡಿಕೊಂಡಿರ್ತದೆ, ಎಸ್ಟಿಮೇಟು ಒಂದು ಎಕ್ಸೆಲ್ ಫೈಲಲ್ಲಿ, ಅದಕ್ಕೆ ಫೈನಲ್, ಫೈನಲ್ 2, ಫೈನಲ್ ಹೊಸದು ಅಂತ ಮೂರು ಮರಿ ಬೇರೆ, ಕ್ಯೂಬಿನ (ಗಟ್ಟಿತನ ನೋಡ್ಲಿಕ್ಕೆ ಹಾಕುವ ಕಾಂಕ್ರೀಟಿನ ತುಂಡು) ರಿಪೋರ್ಟು ವಾಟ್ಸಾಪಲ್ಲಿ ಫೋಟೋ, ಲೆವೆಲ್ಲು ಸರ್ವೇಯರನ ಪುಸ್ತಕದಲ್ಲಿ, ಡ್ರಾಯಿಂಗು ಯಾರದ್ದೋ ಮೇಲಲ್ಲಿ. ಸರ್ಕಾರಿ ಕೆಲಸದ ಎಸ್ಟಿಮೇಟು, ಬಿಲ್ಲು ಕೇರಳ ಪಿಡಬ್ಲ್ಯೂಡಿಯ ಪ್ರೈಸ್ ಸಾಫ್ಟ್‌ವೇರಲ್ಲಿ ಹೋಗ್ತದೆ ಸರಿ, ಆದ್ರೆ ಅದು ಅವರ ಲೆಕ್ಕ, ನಮ್ಮ ಆಫೀಸಿನ ಕ್ಯೂಬು ಲೆವೆಲ್ಲು ಡ್ರಾಯಿಂಗು ಇಟ್ಟುಕೊಳ್ಳುವ ಜಾಗ ನಾವೇ ಮಾಡಿಕೊಳ್ಬೇಕು.

ಅದಕ್ಕೆ ಲಕ್ಷಗಟ್ಟಲೆ ಕೊಟ್ಟು ಸಾಫ್ಟ್‌ವೇರು ತೆಗೊಳ್ಳುದು ಬೇಡ. ಹತ್ತು ಹನ್ನೆರಡು ಟೇಬಲ್ ಇರುವ ಒಂದು ರಿಲೇಷನಲ್ ಡೇಟಾಬೇಸು ಸಾಕು, ಎಕ್ಸೆಲ್ ಚೆನ್ನಾಗಿ ಬರುವವರಿಗೆ ಇದು ಕಲೀಲಿಕ್ಕೆ ಕಷ್ಟ ಇಲ್ಲ. ಕಷ್ಟ ಇರುದು ಬೇರೆ ಕಡೆ, ಯಾವುದನ್ನು ಬರೆದಿಡ್ಬೇಕು, ಯಾವುದನ್ನು ಬರೆಯದೆ ಲೆಕ್ಕ ಹಾಕಿಸ್ಬೇಕು ಅಂತ ನಿರ್ಧಾರ ಮಾಡುದರಲ್ಲಿ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೀತೇನೆ.

ಕಂಪ್ಯೂಟರ್ ಮುಟ್ಟುವ ಮೊದಲು

ಒಂದು ಹಾಳೆ ತೆಗೊಂಡು ನಿಮಗೆ ಪದೇ ಪದೇ ಬರುವ ಪ್ರಶ್ನೆ ಬರೀರಿ. ನಾಳೆ ಯಾವ ಕ್ಯೂಬು ಟೆಸ್ಟಿಗೆ ಹೋಗ್ಬೇಕು? ಈ ಫೂಟಿಂಗು ಹಾಕಿದ್ದು ಯಾವ ರಿವಿಷನ್ ಡ್ರಾಯಿಂಗ್ ನೋಡಿ? ಎಗ್ರಿಮೆಂಟಿನ ಕ್ವಾಂಟಿಟಿ ಮೀರಿದ ಐಟಂ ಯಾವುದೆಲ್ಲ? ಅಳತೆ ಆಗಿ ಬಿಲ್ಲಿಗೆ ಸೇರದ್ದು ಎಷ್ಟುಂಟು? ಹೀಗೆ ಹದಿನೈದು ಇಪ್ಪತ್ತು ಪ್ರಶ್ನೆ ಆಗ್ತದೆ. ಆ ಪ್ರಶ್ನೆಗಳಲ್ಲಿ ಬರುವ ನಾಮಪದಗಳೇ ನಿಮ್ಮ ಟೇಬಲ್: ಕೆಲಸ, ಜಾಗ, ಐಟಂ, ಅಳತೆ, ಬಿಲ್ಲು, ಡ್ರಾಯಿಂಗು, ರಿವಿಷನ್, ಕಾಸ್ಟಿಂಗು, ಸ್ಯಾಂಪಲ್ಲು, ಕ್ಯೂಬು. ಯಾವ ಪ್ರಶ್ನೆಗೂ ಬೇಡದ ಕಾಲಮ್ಮು ಮುಂದೆ ಯಾವಾಗಾದ್ರೂ ಬೇಕಾದೀತು ಅಂತ ಸೇರಿಸ್ಬೇಡಿ, ಅದನ್ನು ಯಾರೂ ತುಂಬಿಸುದಿಲ್ಲ.

ಆಮೇಲೆ ಪ್ರತಿ ಟೇಬಲಿಗೂ "ಇದರ ಒಂದು ಸಾಲು ಅಂದ್ರೆ ಎಂತ" ಅಂತ ಒಂದೇ ವಾಕ್ಯ ಬರೀರಿ. ಕ್ಯೂಬ್ ಟೇಬಲಿನ ಒಂದು ಸಾಲು ಅಂದ್ರೆ ಒಂದು ಕ್ಯೂಬು, ಮೂರು ಕ್ಯೂಬಿನ ಒಂದು ಸೆಟ್ ಅಲ್ಲ. ಈ ವಾಕ್ಯ ಬರೀಲಿಕ್ಕೆ ಆಗುದಿಲ್ಲ ಅಂತಾದ್ರೆ ಎರಡು ಟೇಬಲಿನ ಸಂಗತಿ ಒಂದರಲ್ಲಿ ಸೇರಿಕೊಂಡಿದೆ ಅಂತ ಲೆಕ್ಕ.

ರಿಲೇಷನಲ್ ಮಾಡೆಲ್ ಅಂದ್ರೆ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ವಿಚಾರ. ನಮಗೆ ಅದರ ಗಣಿತ ಎಲ್ಲ ಬೇಡ, ಎರಡೇ ಸಂಗತಿ ಸಾಕು: ಒಂದು ವಿಷಯ ಒಂದೇ ಜಾಗದಲ್ಲಿ ಬರೆದಿರ್ಬೇಕು, ಬೇರೆ ಕಡೆ ಅದು ಬೇಕಾದ್ರೆ ಅದರ ನಂಬರು ಮಾತ್ರ ಬರೀಬೇಕು. ಆ ನಂಬರು ಅದರದ್ದೇ ಟೇಬಲಲ್ಲಿ ಪ್ರೈಮರಿ ಕೀ, ಬೇರೆ ಟೇಬಲಲ್ಲಿ ಫಾರಿನ್ ಕೀ.

ಟೇಬಲ್, ಕಾಲಮ್ಮಿನ ಹೆಸರು ಕನ್ನಡದಲ್ಲೇ ಇಟ್ರೂ ಹೆಚ್ಚಿನ ಸಾಫ್ಟ್‌ವೇರು ಬೇಡ ಹೇಳುದಿಲ್ಲ, ಆದ್ರೆ ಟೈಪ್ ಮಾಡ್ಲಿಕ್ಕೆ ಬೇಜಾರಾಗ್ತದೆ, ಇಂಗ್ಲಿಷಲ್ಲೇ ಇಡಿ.

ಊರಿನ ಹೆಸರನ್ನು ನಂಬಿ ಲೆಕ್ಕ ಮಾಡ್ಬೇಡಿ

ಇದು ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಜಾಸ್ತಿ ಬರುವ ತಲೆನೋವು. ಕುಂಬಳೆ, ಕುಂಬ್ಳೆ, ಕುಂಬಳ, ಮಂಜೇಶ್ವರ, ಮಂಜೇಶ್ವರಂ, ಎಣ್ಮಕಜೆ, ಎನ್ಮಕಜೆ, ಬದಿಯಡ್ಕ, ಬದಿಯಡುಕ್ಕ... ಒಂದೇ ಊರು ಆರ್ಡರಲ್ಲಿ ಮಲಯಾಳದಲ್ಲಿ, ಡೈರಿಯಲ್ಲಿ ಕನ್ನಡದಲ್ಲಿ, ಬಿಲ್ಲಲ್ಲಿ ಇಂಗ್ಲಿಷಲ್ಲಿ, ಅದರಲ್ಲೂ ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗು. ಎಕ್ಸೆಲಲ್ಲಿ ಊರಿನ ಹೆಸರಿನ ಮೇಲೆ ಫಿಲ್ಟರ್ ಹಾಕಿದ್ರೆ ಅರ್ಧ ಕೆಲಸ ಕಾಣುದೇ ಇಲ್ಲ.

ಪರಿಹಾರ ಸುಲಭ. "ಜಾಗ" ಅಂತ ಒಂದು ಟೇಬಲ್, ಅದರಲ್ಲಿ ಜಾಗಕ್ಕೊಂದು ನಂಬರು, ಅಕ್ಷಾಂಶ ರೇಖಾಂಶ, ಪಂಚಾಯತು ವಾರ್ಡು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಪಂಚಾಯತಿಗೂ ಗ್ರಾಮಕ್ಕೂ ಕೋಡ್ ಉಂಟು, ಅದನ್ನೂ ಒಂದು ಕಾಲಮ್ಮಲ್ಲಿ ಇಡಿ. ಹೆಸರುಗಳಿಗೆ ಬೇರೆ ಟೇಬಲ್: ಜಾಗದ ನಂಬರು, ಭಾಷೆ, ಹೆಸರು, ಅಷ್ಟೇ. ಒಂದು ಜಾಗಕ್ಕೆ ಎಂಟು ಹೆಸರಿದ್ರೆ ಎಂಟು ಸಾಲು. ಹುಡುಕುವಾಗ ಯಾವ ಹೆಸರು ಟೈಪ್ ಮಾಡಿದ್ರೂ ಸಿಗುದು ಒಂದೇ ನಂಬರು.

ಇನ್ನೊಂದು ಕಣ್ಣಿಗೆ ಕಾಣದ ಉಪದ್ರ ಉಂಟು. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದ ವ್ಯಂಜನಕ್ಕಿರುವ ಬೇರೆ ಅಕ್ಷರ) 2008ರಲ್ಲಿ ಯುನಿಕೋಡ್ 5.1ರಲ್ಲಿ ಬೇರೆಯೇ ಕೋಡ್ ಬಂತು, ಅದಕ್ಕೆ ಮೊದಲು ವ್ಯಂಜನ, ಚಂದ್ರಕ್ಕಲ, ಜಾಯಿನರ್ ಮೂರು ಸೇರಿಸಿ ಬರೀತಿದ್ರು, ಎರಡು ಥರದ್ದೂ ಈಗಲೂ ಓಡಾಡ್ತಾ ಉಂಟು. ಸ್ಕ್ರೀನಲ್ಲಿ ನೋಡ್ಲಿಕ್ಕೆ ಒಂದೇ, ಡೇಟಾಬೇಸಿಗೆ ಬೇರೆ ಬೇರೆ, ಯುನಿಕೋಡ್ ನಾರ್ಮಲೈಸೇಷನ್ ಮಾಡಿದ್ರೂ ಒಂದಾಗುದಿಲ್ಲ. ಕನ್ನಡದಲ್ಲಿ "ಕ್ಲಾಸ್‌ರೂಮ್" ಥರದ ಶಬ್ದದ ಮಧ್ಯೆ ಕೂತಿರುವ ನಾನ್‌ಜಾಯಿನರ್ ಕೂಡ ಹಾಗೆಯೇ, ಒಬ್ಬ ಹಾಕ್ತಾನೆ, ಇನ್ನೊಬ್ಬ ಹಾಕುದಿಲ್ಲ. ಹೆಸರು ಒಳಗೆ ಬರುವಾಗಲೇ ಹಳೇ ಚಿಲ್ಲನ್ನು ಹೊಸದಕ್ಕೆ ಬದಲಿಸಿ, ಕಾಣದ ಅಕ್ಷರ ತೆಗೆದು, ಹಿಂದೆ ಮುಂದೆ ಇರುವ ಸ್ಪೇಸ್ ಕತ್ತರಿಸಿದ ಒಂದು "ಹುಡುಕುವ ಹೆಸರು" ಕಾಲಮ್ ಬೇರೆ ಇಟ್ರೆ ಆಯ್ತು.

ಐಟಂ, ರೇಟು, ಅಳತೆ

"ಐಟಂ" ಟೇಬಲಲ್ಲಿ ಶೆಡ್ಯೂಲಿನ (ಸರ್ಕಾರದ ರೇಟು ಪಟ್ಟಿಯ) ಕೋಡು, ವಿವರಣೆ, ಯೂನಿಟ್. "ಕೆಲಸದ ಐಟಂ" ಅಂತ ಇನ್ನೊಂದು, ಅದರಲ್ಲಿ ಕೆಲಸದ ನಂಬರು, ಐಟಂ ನಂಬರು, ಎಗ್ರಿಮೆಂಟ್ ಕ್ವಾಂಟಿಟಿ, ಎಗ್ರಿಮೆಂಟ್ ರೇಟು. ಇಲ್ಲಿ ಓದಿಕೊಂಡವರು ಒಂದು ಪ್ರಶ್ನೆ ಕೇಳ್ತಾರೆ, ರೇಟು ಶೆಡ್ಯೂಲಲ್ಲೇ ಉಂಟಲ್ಲ, ಪುನಃ ಇಲ್ಲಿ ಬರೆದ್ರೆ ಎರಡು ಕಡೆ ಆಗ್ಲಿಲ್ವಾ ಅಂತ. ಆಗುದಿಲ್ಲ. ಶೆಡ್ಯೂಲ್ ರೇಟು ಮುಂದೆ ಬದಲಾಗ್ತದೆ, ನೀವು ಸೈನ್ ಹಾಕಿದ ರೇಟು ಬದಲಾಗುದಿಲ್ಲ, ಅಂಕೆ ಒಂದೇ ಇದ್ರೂ ಸಂಗತಿ ಎರಡು. ಎಗ್ರಿಮೆಂಟಿನ ರೇಟನ್ನು ಶೆಡ್ಯೂಲಿಂದ ಎಳೆಯುವ ಹಾಗೆ ಮಾಡಿಟ್ರೆ ಹೊಸ ಶೆಡ್ಯೂಲ್ ಹಾಕಿದ ದಿನ ಹಳೇ ಬಿಲ್ಲೆಲ್ಲ ಬದಲಾಗಿ ಕೂತಿರ್ತದೆ.

ಅಳತೆ ಟೇಬಲ್ ಎಂ ಬುಕ್ಕಿನ (ಮೆಷರ್‌ಮೆಂಟ್ ಬುಕ್, ಅಂದ್ರೆ ಅಳತೆ ಪುಸ್ತಕ) ಸಾಲಿನ ಹಾಗೆಯೇ ಇರ್ಲಿ: ತಾರೀಕು, ಕೆಲಸದ ಐಟಂ, ವಿವರ, ನಂಬರು, ಉದ್ದ, ಅಗಲ, ಆಳ, ಎಂ ಬುಕ್ ಪುಟ. ಕ್ವಾಂಟಿಟಿ ಟೈಪ್ ಮಾಡುದು ಬೇಡ, ಅದು ಜನರೇಟೆಡ್ ಕಾಲಮ್, ನಾಲ್ಕನ್ನೂ ಗುಣಿಸಿ ತಾನೇ ಬರ್ಲಿ. ಒಂದು ಎಚ್ಚರಿಕೆ, ಪ್ಲಾಸ್ಟರಿಂಗಿಗೆ ಆಳ ಇಲ್ಲ, ಅಲ್ಲಿ ಖಾಲಿ ಬಿಟ್ರೆ ಅದು ನಲ್, ನಲ್ಲನ್ನು ಯಾವುದರಿಂದ ಗುಣಿಸಿದ್ರೂ ನಲ್ಲೇ ಬರುದು, ಹಾಗಾಗಿ ಕೋಅಲೆಸ್ ಹಾಕಿ ಖಾಲಿ ಇದ್ರೆ 1 ಅಂತ ತೆಗೊಳ್ಳುವ ಹಾಗೆ ಮಾಡಿ. ಸೊನ್ನೆ ಬೇರೆ, ಖಾಲಿ ಬೇರೆ. ಬಾಗಿಲು ಕಿಟಿಕಿಯ ಡಿಡಕ್ಷನ್ನಿಗೆ ನಂಬರ್ ಕಾಲಮ್ಮಲ್ಲಿ ಮೈನಸ್ ಹಾಕಿದ್ರೆ ಸಾಕು, ಬೇರೆ ಟೇಬಲ್ ಬೇಡ.

ಎಂ ಬುಕ್ಕಲ್ಲಿ ರಬ್ಬರ್ ಹಾಕಿ ಅಳಿಸುವ ಹಾಗಿಲ್ಲ, ಗೀಟು ಎಳೆದು ಸೈನ್ ಹಾಕುದು. ಡೇಟಾಬೇಸಲ್ಲೂ ಅದೇ ಶಿಸ್ತು ತನ್ನಿ. ಬಿಲ್ಲಿಗೆ ಸೇರಿದ ಅಳತೆಯ ಸಾಲಿಗೆ ಬಿಲ್ ನಂಬರು ಬೀಳ್ತದೆ, ಬಿಲ್ ನಂಬರು ಬಿದ್ದ ಸಾಲನ್ನು ತಿದ್ದಲಿಕ್ಕೆ, ಅಳಿಸ್ಲಿಕ್ಕೆ ಬಿಡದ ಒಂದು ಟ್ರಿಗರ್ (ಡೇಟಾಬೇಸಲ್ಲಿ ತಾನಾಗಿ ಓಡುವ ನಿಯಮ) ಬರೆದಿಡಿ. ತಪ್ಪಿದ್ರೆ ಅಷ್ಟೇ ಅಳತೆಯ ಮೈನಸ್ ಸಾಲು ಮತ್ತೆ ಸರಿಯಾದ ಸಾಲು, ಎರಡೂ ಮುಂದಿನ ಬಿಲ್ಲಿಗೆ.

ಯೂನಿಟ್ ಬಗ್ಗೆ ಒಂದೇ ಮಾತು: ಒಳಗೆ ಇರುದೆಲ್ಲ ಮೀಟರು. ಜಾಗದವರು ಸೆಂಟ್ಸಲ್ಲಿ ಹೇಳ್ತಾರೆ, ಮೇಸ್ತ್ರಿ ಫೀಟಲ್ಲಿ ಹೇಳ್ತಾನೆ, ಎಂಟ್ರಿ ಮಾಡುವ ಫಾರಂ ಬೇಕಾದ್ರೆ ಅದನ್ನು ತೆಗೊಳ್ಳಲಿ, ಆದ್ರೆ ಟೇಬಲಿಗೆ ಹೋಗುವಾಗ 1 ಸೆಂಟ್ಸ್ ಅಂದ್ರೆ 40.47 ಚದರ ಮೀಟರು ಆಗಿಯೇ ಹೋಗ್ಲಿ. ದುಡ್ಡಿಗೆ ಫ್ಲೋಟ್ ಟೈಪ್ ಬೇಡವೇ ಬೇಡ, ಅದರಲ್ಲಿ 0.1ಕ್ಕೆ 0.2 ಕೂಡಿಸಿದ್ರೆ ಸರಿಯಾಗಿ 0.3 ಬರುದಿಲ್ಲ, ಪೋಸ್ಟ್‌ಗ್ರೆಸ್ ಆದ್ರೆ ನ್ಯೂಮೆರಿಕ್, ಎಸ್‌ಕ್ಯೂಎಲೈಟ್ ಆದ್ರೆ ಪೈಸೆಯ ಲೆಕ್ಕದಲ್ಲಿ ಇಂಟಿಜರ್ (ಈ ಎರಡು ಸಾಫ್ಟ್‌ವೇರಿನ ವಿಷಯ ಮುಂದೆ ಬರ್ತದೆ).

ಕ್ಯೂಬು: ಡೇಟಾಬೇಸಿನ ಬೆಲೆ ಗೊತ್ತಾಗುದು ಇಲ್ಲಿ

ಮೂರು ಟೇಬಲ್. ಕಾಸ್ಟಿಂಗು (ತಾರೀಕು, ಕೆಲಸ, ಯಾವ ಭಾಗ, ಗ್ರೇಡು, ಎಷ್ಟು ಘನ ಮೀಟರು), ಅದರಿಂದ ತೆಗೆದ ಸ್ಯಾಂಪಲ್ಲು, ಸ್ಯಾಂಪಲ್ಲಿನ ಕ್ಯೂಬುಗಳು (ಗುರುತು, ಟೆಸ್ಟ್ ತಾರೀಕು, ಲೋಡು). ಲ್ಯಾಬಿನಿಂದ ಬಂದ ಸರಾಸರಿ ಸ್ಟ್ರೆಂತ್ ಒಂದೇ ಬರೆದಿಡುವವರು ತುಂಬಾ ಜನ ಇದ್ದಾರೆ, ಅದು ಯಾಕೆ ಸಾಲದು ನೋಡಿ.

150 ಮಿ.ಮೀ. ಕ್ಯೂಬಿನ ಮುಖದ ಏರಿಯ 22,500 ಚದರ ಮಿ.ಮೀ. ಎಂ25 ಕಾಂಕ್ರೀಟಿನ ಒಂದು ಸ್ಯಾಂಪಲ್ಲಿನ ಮೂರು ಕ್ಯೂಬು 495, 630, 765 ಕಿಲೋನ್ಯೂಟನ್ನಿಗೆ ಒಡೆದವು ಅಂತಿಟ್ಟುಕೊಳ್ಳಿ. ಸ್ಟ್ರೆಂತ್ (ಲೋಡನ್ನು ಏರಿಯದಿಂದ ಭಾಗಿಸಿದ್ದು, ಚದರ ಮಿ.ಮೀ.ಗೆ ನ್ಯೂಟನ್) 22, 28, 34. ಸರಾಸರಿ 28, ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಐಎಸ್ 456:2000 (ಕಾಂಕ್ರೀಟಿನ ಭಾರತೀಯ ಕೋಡ್) ಹೇಳುದು ಒಂದೊಂದು ಕ್ಯೂಬೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಆಚೀಚೆ ಹೋಗ್ಬಾರದು ಅಂತ, 28ರ ಶೇಕಡಾ 15 ಅಂದ್ರೆ 4.2, ಅಂದ್ರೆ 23.8ರಿಂದ 32.2ರ ಒಳಗೆ ಇರ್ಬೇಕಿತ್ತು, ಎರಡು ಕ್ಯೂಬು ಹೊರಗೆ ಹೋಯ್ತು, ಆ ಸ್ಯಾಂಪಲ್ಲಿನ ರಿಸಲ್ಟೇ ಲೆಕ್ಕಕ್ಕಿಲ್ಲ. ಬರೀ 28 ಅಂತ ಬರೆದಿಟ್ಟವನಿಗೆ ಇದು ಯಾವ ಕಾಲಕ್ಕೂ ಗೊತ್ತಾಗುದಿಲ್ಲ. ಲೋಡು ಬರೆದಿಟ್ಟವನಿಗೆ ಒಂದು ವ್ಯೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಂದ್ರೆ ಕ್ವೆರಿಯನ್ನು, ಹೆಸರು ಕೊಟ್ಟು ಇಟ್ಟದ್ದು) ಸಾಕು: ಸ್ಯಾಂಪಲ್ ನಂಬರಿನ ಮೇಲೆ ಗ್ರೂಪ್ ಬೈ, ಸರಾಸರಿ, ಕನಿಷ್ಠ, ಗರಿಷ್ಠ, ಕನಿಷ್ಠ ಸರಾಸರಿಯ 0.85ಕ್ಕಿಂತ ಕಮ್ಮಿ ಅಥವಾ ಗರಿಷ್ಠ 1.15ಕ್ಕಿಂತ ಜಾಸ್ತಿ ಇದ್ರೆ "ಇನ್‌ವ್ಯಾಲಿಡ್" ಅಂತ ತೋರಿಸ್ಲಿ. 7 ದಿನದ ಕ್ಯೂಬನ್ನು 28 ದಿನದ್ದರ ಜೊತೆ ಸೇರಿಸಿ ಸರಾಸರಿ ತೆಗೀಬಾರದು ಅಂತ ಬೇರೆ ಹೇಳ್ಬೇಕಾಗಿಲ್ಲ, ವಯಸ್ಸಿನ ಮೇಲೂ ಗ್ರೂಪ್ ಮಾಡಿ.

ವಯಸ್ಸು ಕೂಡ ಟೈಪ್ ಮಾಡುವ ಸಂಗತಿ ಅಲ್ಲ. ಕಾಸ್ಟಿಂಗ್ ತಾರೀಕು ಒಂದು ಟೇಬಲಲ್ಲಿ, ಟೆಸ್ಟ್ ತಾರೀಕು ಇನ್ನೊಂದರಲ್ಲಿ, ಹಾಗಾಗಿ ಜನರೇಟೆಡ್ ಕಾಲಮ್ಮಲ್ಲಿ ಆಗುದಿಲ್ಲ, ವ್ಯೂವಲ್ಲಿ ಎರಡು ಟೇಬಲನ್ನು ಜಾಯಿನ್ ಮಾಡಿ (ನಂಬರಿನ ಮೇಲೆ ಜೋಡಿಸಿ) ಕಳೀಬೇಕು. 28 ಅಂತ ರಿಪೋರ್ಟಲ್ಲಿ ಇದ್ದ ಕ್ಯೂಬು ನಿಜವಾಗಿ 31ನೇ ದಿನ ಒಡೆದದ್ದಾದ್ರೆ ಅಲ್ಲಿ ಕಾಣ್ತದೆ. ಇದೇ ಟೇಬಲುಗಳಿಂದ ಬೆಳಿಗ್ಗೆ ನೋಡುವ ಪಟ್ಟಿ ಕೂಡ ಸಿಗ್ತದೆ, ಕಾಸ್ಟಿಂಗ್ ಆಗಿ ಇವತ್ತಿಗೆ 7 ಅಥವಾ 28 ದಿನ ಆದ, ಲೋಡ್ ಕಾಲಮ್ಮು ಇನ್ನೂ ಖಾಲಿ ಇರುವ ಕ್ಯೂಬುಗಳು.

ಸ್ಯಾಂಪಲ್ ಸಾಕಷ್ಟು ತೆಗೆದಿದ್ದೇವಾ ಅಂತಲೂ ಕೇಳ್ಬಹುದು. ಅದೇ ಕೋಡಿನ ಪ್ರಕಾರ ಒಂದು ಗ್ರೇಡಿಗೆ 1ರಿಂದ 5 ಘನ ಮೀಟರಿಗೆ 1 ಸ್ಯಾಂಪಲ್ಲು, 6ರಿಂದ 15ಕ್ಕೆ 2, 16ರಿಂದ 30ಕ್ಕೆ 3, 31ರಿಂದ 50ಕ್ಕೆ 4, ಅದರ ಮೇಲೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಒಂದೊಂದು ಜಾಸ್ತಿ. 130 ಘನ ಮೀಟರು ಹಾಕಿದ್ರೆ 4 ಮತ್ತೆ 2, ಒಟ್ಟು 6. ಈ ಪಟ್ಟಿಯನ್ನು ಕ್ವೆರಿಯೊಳಗೆ ಹೊಲಿಯುವ ಬದಲು ಸಣ್ಣ ಟೇಬಲಾಗಿ ಇಡಿ, ಕೋಡ್ ಬದಲಾದ್ರೆ ಸಾಲು ಬದಲಿಸಿದ್ರೆ ಮುಗೀತು.

ಲೆವೆಲ್ಲು, ಡ್ರಾಯಿಂಗು

ಲೆವೆಲ್ಲಲ್ಲಿ ಆರ್‌ಎಲ್ (ಲೆಕ್ಕ ಹಾಕಿ ಬಂದ ಎತ್ತರ) ಬರೆದಿಡುದಕ್ಕಿಂತ ಸ್ಟಾಫ್ ರೀಡಿಂಗು (ಅಳತೆ ಕೋಲಲ್ಲಿ ಓದಿದ ಅಂಕೆ) ಬರೆದಿಡುದು ಒಳ್ಳೇದು: ಸೆಟಪ್ ನಂಬರು, ಪಾಯಿಂಟು, ಬ್ಯಾಕ್ ಸೈಟಾ ಇಂಟರ್‌ಮೀಡಿಯೇಟಾ ಫೋರ್ ಸೈಟಾ, ರೀಡಿಂಗು. ಆರ್‌ಎಲ್ಲನ್ನು ವ್ಯೂ ಲೆಕ್ಕ ಹಾಕ್ಲಿ. ಬೆಂಚ್ ಮಾರ್ಕು 12.540 ಇದ್ದದ್ದನ್ನು ಯಾರಾದ್ರೂ 12.450 ಅಂತ ಬರೆದ್ರೆ ಎಲ್ಲಾ ಆರ್‌ಎಲ್ಲೂ 9 ಸೆಂಟಿಮೀಟರು ಕೆಳಗೆ ಹೋಗಿರ್ತದೆ, ರೀಡಿಂಗ್ ಇದ್ರೆ ಒಂದು ಸೆಲ್ ತಿದ್ದಿದ್ರೆ ಎಲ್ಲ ಸರಿ. ಮನೆಯ ಫ್ಲೋರಿಗೆ 9 ಸೆಂಟಿಮೀಟರು ದೊಡ್ಡ ಸಂಗತಿ ಅಲ್ಲ ಹೇಳುವ, ತೋಡಿಗೆ ಕಟ್ಟುವ ವೆಂಟೆಡ್ ಕ್ರಾಸ್ ಬಾರಿನ ಹಲಗೆಯ ಮೇಲ್ಮಟ್ಟಕ್ಕೆ ಅಷ್ಟು ವ್ಯತ್ಯಾಸ ಬಂದ್ರೆ ಮೇಲಿನವರ ಅಡಿಕೆ ತೋಟಕ್ಕೆ ನೀರು ಹತ್ತುದುಂಟು, ಮತ್ತೆ ಜಗಳ ಬಿಡಿಸ್ಲಿಕ್ಕೆ ಡೇಟಾಬೇಸಿಗೆ ಆಗುದಿಲ್ಲ ಮಾರಾಯ್ರೆ. ಬ್ಯಾಕ್ ಸೈಟಿನ ಮೊತ್ತದಲ್ಲಿ ಫೋರ್ ಸೈಟಿನ ಮೊತ್ತ ಕಳೆದ್ರೆ ಕೊನೇ ಆರ್‌ಎಲ್ಲಿಗೂ ಮೊದಲನೇದಕ್ಕೂ ಇರುವ ವ್ಯತ್ಯಾಸ ಬರ್ಬೇಕಲ್ಲ, ಆ ಚೆಕ್ಕನ್ನೂ ವ್ಯೂವಿಗೇ ಹಾಕಿಬಿಡಿ.

ಡ್ರಾಯಿಂಗು ಒಂದು ಟೇಬಲ್, ರಿವಿಷನ್ ಇನ್ನೊಂದು. ಕಾಸ್ಟಿಂಗಿನ ಸಾಲು ಡ್ರಾಯಿಂಗಿಗೆ ಅಲ್ಲ, ರಿವಿಷನ್ನಿಗೆ ಕಟ್ಟಿರ್ಬೇಕು. ಎಂತಕ್ಕೆ ಅಂದ್ರೆ, ಎರಡು ವರ್ಷ ಬಿಟ್ಟು ಯಾರಾದ್ರೂ ಬಂದು ಈ ಪಿಲ್ಲರಿನ ಕಂಬಿ ಯಾಕೆ ಹೀಗೆ ಅಂತ ಕೇಳಿದ್ರೆ ಈಗಿನ ಡ್ರಾಯಿಂಗ್ ತೋರಿಸಿ ಪ್ರಯೋಜನ ಇಲ್ಲ, ಆವತ್ತು ಸೈಟಲ್ಲಿದ್ದದ್ದು ಯಾವುದು ಅಂತ ಬೇಕು. ಫೈಲನ್ನು ಡೇಟಾಬೇಸಿನೊಳಗೆ ತುಂಬಿಸ್ಬೇಡಿ, ಫೋಲ್ಡರಲ್ಲಿ ಇಟ್ಟು ಅದರ ಪಾತ್ ಬರೀರಿ.

ಯಾವ ಸಾಫ್ಟ್‌ವೇರು

ಎಂಟ್ರಿ ಮಾಡುವವ ಒಬ್ಬನೇ ಆದ್ರೆ ಎಸ್‌ಕ್ಯೂಎಲೈಟ್, ಇಡೀ ಡೇಟಾಬೇಸು ಒಂದೇ ಫೈಲು, ಡಿಬಿ ಬ್ರೌಸರ್ ಹಾಕಿಕೊಂಡ್ರೆ ಎಕ್ಸೆಲ್ ಥರ ನೋಡ್ಲಿಕ್ಕೂ ಆಗ್ತದೆ. ಇಬ್ಬರು ಮೂವರು ಒಟ್ಟಿಗೆ ಬರೀಲಿಕ್ಕಿದ್ರೆ ಪೋಸ್ಟ್‌ಗ್ರೆಸ್, 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸುರುವಾದ ಪ್ರಾಜೆಕ್ಟಿನಿಂದ ಬಂದದ್ದು, ಎರಡೂ ಫ್ರೀ. ಮೈಕ್ರೋಸಾಫ್ಟ್ ಆಕ್ಸೆಸ್ ಆಗ್ಲೇ ಇದ್ರೆ ಅದೂ ನಡೀತದೆ, ಫಾರಂ ಮಾಡ್ಲಿಕ್ಕೆ ಅದರಷ್ಟು ಸುಲಭ ಬೇರೆ ಇಲ್ಲ, ಆದ್ರೆ ಫೈಲು 2 ಜಿಬಿ ದಾಟುವ ಹಾಗಿಲ್ಲ.

ಎಸ್‌ಕ್ಯೂಎಲೈಟ್ ತೆಗೊಂಡ್ರೆ ಮೂರು ಸಂಗತಿ ನೆನಪಿಡಿ. ಫಾರಿನ್ ಕೀ ತಪಾಸಣೆ ಮಾಮೂಲಾಗಿ ಆಫ್ ಇರ್ತದೆ, ಪ್ರತಿ ಸಲ ಕನೆಕ್ಟ್ ಆದಾಗ ಫಾರಿನ್ ಕೀಸ್ ಪ್ರಾಗ್ಮಾ (ಅದರ ಸೆಟ್ಟಿಂಗು) ಆನ್ ಮಾಡ್ಬೇಕು, ಇಲ್ಲದಿದ್ರೆ ಇಲ್ಲದ ಕೆಲಸಕ್ಕೂ ಅಳತೆ ಸೇರಿಸ್ಲಿಕ್ಕೆ ಬಿಡ್ತದೆ. ಇಂಟಿಜರ್ ಅಂತ ಹೇಳಿದ ಕಾಲಮ್ಮಿಗೆ "ಗೊತ್ತಿಲ್ಲ" ಅಂತ ಬರೆದ್ರೂ ಸುಮ್ಮನೆ ತೆಗೊಳ್ತದೆ, 2021ರಲ್ಲಿ ಬಂದ 3.37ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಟೇಬಲ್ ಅಂತ ಉಂಟು, ಅದನ್ನೇ ಹಾಕಿ. ಮತ್ತೆ ಆ ಫೈಲನ್ನು ಶೇರ್ಡ್ ಫೋಲ್ಡರಲ್ಲೋ ಗೂಗಲ್ ಡ್ರೈವಿನ ಸಿಂಕ್ ಫೋಲ್ಡರಲ್ಲೋ ಇಟ್ಟು ಇಬ್ಬರು ತೆರೀಬೇಡಿ, ಫೈಲು ಹಾಳಾಗ್ತದೆ.

ಯಾವುದು ತೆಗೊಂಡ್ರೂ ತಡೆಗಳನ್ನು ಡೇಟಾಬೇಸಲ್ಲೇ ಹಾಕಿ, ಎಂಟ್ರಿ ಮಾಡುವವನ ಜಾಗ್ರತೆಯನ್ನು ನಂಬಿ ಕೂತ್ಕೊಳ್ಬೇಡಿ: ಲೋಡು ಸೊನ್ನೆಗಿಂತ ಜಾಸ್ತಿ ಅಂತ ಚೆಕ್, ಒಂದು ಡ್ರಾಯಿಂಗಿಗೆ ಒಂದೇ ರಿವಿಷನ್ ನಂಬರು ಎರಡು ಸಲ ಬಾರದ ಹಾಗೆ ಯುನೀಕ್, ತಾರೀಕು ಖಾಲಿ ಬಿಡದ ಹಾಗೆ ನಾಟ್ ನಲ್. ತಾರೀಕು ವರ್ಷ-ತಿಂಗಳು-ದಿನ ಅಂತಲೇ ಇರ್ಲಿ, 2024-06-03 ಅಂತ ಬರೆದ್ರೆ ಅದು ಜೂನಾ ಮಾರ್ಚಾ ಅಂತ ಯಾರೂ ಕೇಳುದಿಲ್ಲ.

ಹಳೇ ಎಕ್ಸೆಲ್ ಒಳಗೆ ತರುದು

ಬೇಸರದ ಕೆಲಸ ಇದು, ಮಳೆಗಾಲದಲ್ಲಿ ಸೈಟ್ ನಿಂತಾಗ ಮಾಡಿ. ಹಳೇ ಶೀಟನ್ನು ಸೀದಾ ಅಸಲಿ ಟೇಬಲಿಗೆ ಹಾಕ್ಬೇಡಿ. ಎಲ್ಲಾ ಕಾಲಮ್ಮೂ ಟೆಕ್ಸ್ಟ್ ಆಗಿರುವ ಒಂದು ಸ್ಟೇಜಿಂಗ್ ಟೇಬಲಿಗೆ ಸಿಎಸ್‌ವಿ ಮಾಡಿ ಇಳಿಸಿ, ಯಾವ ಫೈಲು, ಎಷ್ಟನೇ ಸಾಲು ಅಂತ ಎರಡು ಕಾಲಮ್ಮು ಸೇರಿಸಿ. ಅಲ್ಲಿಂದ ಒಂದೊಂದೇ ಪ್ರಶ್ನೆ ಕೇಳಿ: ಅಂಕೆ ಅಲ್ಲದ ಲೋಡು ಯಾವುದು, ಹೆಸರಿನ ಟೇಬಲಲ್ಲಿ ಸಿಗದ ಊರು ಯಾವುದು, ತಾರೀಕು ಆಗದ ತಾರೀಕು ಯಾವುದು. ಸರಿ ಇದ್ದದ್ದು ಮುಂದೆ ಹೋಗ್ಲಿ, ಉಳಿದದ್ದು ಅಲ್ಲೇ ಇರ್ಲಿ. ಮುಗಿದು ಬಿಲ್ಲಾದ ಹಳೇ ಕೆಲಸಗಳನ್ನೆಲ್ಲ ತರ್ಬೇಕು ಅಂತ ಹಟ ಬೇಡ, ನಡೀತಿರುವ ಕೆಲಸ ಮತ್ತೆ ಡಿಫೆಕ್ಟ್ ಲಯಬಿಲಿಟಿ (ಹಾಳಾದ್ರೆ ನಾವೇ ಸರಿಮಾಡಿಕೊಡುವ ಅವಧಿ) ಮುಗಿಯದ ಕೆಲಸ ಬಂದ್ರೆ ಸಾಕು.

ಕ್ವೆರಿಯಲ್ಲಿ ಮೊತ್ತ ಡಬಲ್ ಆದ್ರೆ

ಹೊಸಬರು ಬೀಳುವ ಗುಂಡಿ ಇದು. ಒಂದು ಕಾಂಕ್ರೀಟ್ ಐಟಮಿಗೆ 3 ಅಳತೆ ಸಾಲು, 6 ಕ್ಯೂಬು ಉಂಟು ಅಂತಾದ್ರೆ ಎರಡನ್ನೂ ಒಂದೇ ಕ್ವೆರಿಯಲ್ಲಿ ಐಟಮಿಗೆ ಜಾಯಿನ್ ಮಾಡಿದ್ರೆ 18 ಸಾಲು ಬರ್ತದೆ, ಕ್ವಾಂಟಿಟಿಯ ಮೊತ್ತ ಆರು ಪಟ್ಟು ತೋರಿಸ್ತದೆ, ಎರರ್ ಏನೂ ಕೊಡುದಿಲ್ಲ. ಅಳತೆಯನ್ನು ಮೊದಲು ಐಟಮಿನ ಮೇಲೆ ಗ್ರೂಪ್ ಮಾಡಿ ಒಂದು ಸಾಲಿಗೆ ಇಳಿಸಿ, ಕ್ಯೂಬನ್ನು ಬೇರೆ ಇಳಿಸಿ, ಮತ್ತೆ ಜಾಯಿನ್ ಮಾಡಿ. ಡಿಸ್ಟಿಂಕ್ಟ್ ಹಾಕಿ ಸರಿಮಾಡ್ಲಿಕ್ಕೆ ಹೋಗ್ಬೇಡಿ, ಒಂದೇ ಅಳತೆಯ ಎರಡು ನಿಜವಾದ ಸಾಲಿದ್ರೆ ಅದೂ ಹಾರಿಹೋಗ್ತದೆ. ಯಾವ ಹೊಸ ವ್ಯೂ ಬರೆದ್ರೂ ಒಂದು ಮುಗಿದ ಬಿಲ್ಲಿನ ಮೊತ್ತದ ಜೊತೆ ತಾಳೆ ನೋಡಿ, ಆಮೇಲೆ ಬೇರೆಯವರಿಗೆ ಕೊಡಿ.

ಎಕ್ಸೆಲ್ ಬಿಡ್ಬೇಕಾಗಿಲ್ಲ. ಒಡಿಬಿಸಿ (ಡೇಟಾಬೇಸನ್ನು ಬೇರೆ ಸಾಫ್ಟ್‌ವೇರಿಗೆ ಜೋಡಿಸುವ ದಾರಿ) ಕನೆಕ್ಷನ್ ಕೊಟ್ರೆ ವ್ಯೂಗಳು ಎಕ್ಸೆಲಲ್ಲೇ ಬರ್ತದೆ, ಚಾರ್ಟು ಪ್ರಿಂಟು ಅಲ್ಲೇ ಮಾಡಿ. ಓದ್ಲಿಕ್ಕೆ ಮಾತ್ರ.

ಬ್ಯಾಕಪ್, ಪರ್ಮಿಷನ್

ಜೂನ್ ಬಂತು ಅಂದ್ರೆ ಕರೆಂಟು ಹೋಗಿ ಬರುದು, ಸಿಡಿಲಿಗೆ ಮೋಡೆಮ್ಮು ಕಂಪ್ಯೂಟರು ಸುಡುದು ನಮ್ಮಲ್ಲಿ ಹೊಸತಲ್ಲ, ಯುಪಿಎಸ್ ಇಡಿ, ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೀರಿ. ಎಸ್‌ಕ್ಯೂಎಲೈಟ್ ಫೈಲು ತೆರೆದಿರುವಾಗ ಕಾಪಿ ಪೇಸ್ಟ್ ಮಾಡಿದ್ದು ಬ್ಯಾಕಪ್ ಅಲ್ಲ, ಅದರ ಬ್ಯಾಕಪ್ ಕಮಾಂಡೇ ಬಳಸಿ. ಪೋಸ್ಟ್‌ಗ್ರೆಸಿಗೆ ಪಿಜಿ ಡಂಪ್. ದಿನಾ ಸಂಜೆ ಒಂದು ತಾನಾಗಿ ಆಗ್ಲಿ, ಒಂದು ಕಾಪಿ ಆಫೀಸಿನ ಹೊರಗೆ ಇರ್ಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಲ್ಲಿ ರಿಸ್ಟೋರ್ ಮಾಡಿ ಕೊನೇ ಅಳತೆಯ ಸಾಲು ಉಂಟಾ ಅಂತ ನೋಡಿ.

ಪೋಸ್ಟ್‌ಗ್ರೆಸಲ್ಲಿ ಆದ್ರೆ ಮೂರು ರೋಲ್ ಸಾಕು. ಸೈಟಿನವರಿಗೆ ಅಳತೆ, ಕಾಸ್ಟಿಂಗು, ಕ್ಯೂಬಿಗೆ ಸೇರಿಸುವ ಹಕ್ಕು, ಅಳಿಸುವ ಹಕ್ಕಿಲ್ಲ. ಆಫೀಸಿನ ಎಂಜಿನಿಯರಿಗೆ ತಿದ್ದುವ ಹಕ್ಕು. ಅಕೌಂಟ್ಸಿನವರಿಗೆ ವ್ಯೂ ಓದುವ ಹಕ್ಕು ಮಾತ್ರ. ಪ್ರತಿ ಟೇಬಲಲ್ಲೂ ಯಾರು, ಯಾವಾಗ ಸೇರಿಸಿದ್ದು ಅಂತ ಎರಡು ಕಾಲಮ್ಮು ಡೀಫಾಲ್ಟಾಗಿ ತುಂಬಿಕೊಳ್ಲಿ. ಕಾಲಮ್ಮುಗಳ ಅರ್ಥ ಮತ್ತೆ ಯೂನಿಟ್ಟು ಬರೆದ ಒಂದು ಟೇಬಲನ್ನೂ ಅದರೊಳಗೇ ಇಡಿ, ನೀವು ಗಲ್ಫಿಗೆ ಹೋದ್ರೂ ಮುಂದೆ ಬಂದವರು ನಿಮಗೆ ಫೋನ್ ಮಾಡದೆ ಕೆಲಸ ಮುಂದುವರಿಸ್ಲಿಕ್ಕೆ ಆಗ್ಬೇಕು.